ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ

ಮಗನನ್ನು ಅಮೆರಿಕದ ಶಾಲೆಗೆ ಸೇರಿಸುವ ದಿನ, ಭಾರತದಿಂದ ತಂದಿದ್ದ ಲಸಿಕೆ ಕಾರ್ಡನ್ನು ಬಲು ಧೈರ್ಯದಿಂದ ಮೇಜಿನ ಮೇಲಿಟ್ಟೆ. ಆರು ವಾರಕ್ಕೆ ಹಾಕಿಸಿದ ಲಸಿಕೆಯ ಮುಂದೆ 05/04 ಎಂದಿತ್ತು, ಹತ್ತು ವಾರದ್ದರ ಮುಂದೆ 03/05. ನಮಗೆ ಅದು ಏಪ್ರಿಲ್ 5, ಮೇ 3. ಶಾಲೆಯ ನರ್ಸ್ ಓದಿಕೊಂಡದ್ದು ಮೇ 4, ಮಾರ್ಚ್ 5. ಮೊದಲ ಡೋಸಿಗಿಂತ ಎರಡು ತಿಂಗಳು ಮುಂಚೆಯೇ ಎರಡನೆಯದು! ಅವರು ಕಾರ್ಡನ್ನು ನೋಡಿದರು, ಮಗನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

ದಿನಾಂಕದ ಗೊಂದಲವನ್ನು ಬಿಡಿಸಿದೆ. ದಡಾರದ್ದು ಮಾತ್ರ ಬಗೆಹರಿಯಲಿಲ್ಲ. ನಮ್ಮಲ್ಲಿ ಸೋಂಕು ಬೇಗ ತಗಲುವ ಭಯವಿರುವುದರಿಂದ ಒಂಬತ್ತು ತಿಂಗಳು ತುಂಬುತ್ತಲೇ ಮೊದಲ ಡೋಸ್ ಹಾಕುತ್ತಾರೆ. ತಾಯಿಯಿಂದ ಬಂದ, ರೋಗದೊಡನೆ ಹೋರಾಡುವ ಪ್ರತಿಕಾಯಗಳು ಆ ವಯಸ್ಸಿನಲ್ಲಿ ಲಸಿಕೆಯನ್ನು ಮಂಕು ಮಾಡಬಹುದೆಂದು ಇಲ್ಲಿ ವರ್ಷ ತುಂಬುವ ಮೊದಲು ಹಾಕಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಲದ್ದಕ್ಕೆ ನಮ್ಮ ಸರ್ಕಾರಿ ಲಸಿಕೆಯಲ್ಲಿರುವುದು ದಡಾರ, ರುಬೆಲ್ಲಾ ಎರಡೇ. ಇವರಿಗೆ ಮಂಗನಬಾವಿನದೂ ಬೇಕು. ಹುಡುಗ ಮತ್ತೆ ತೋಳು ಚಾಚಿದ. ಹೆಚ್ಚುವರಿ ಡೋಸಿನಿಂದ ಹಾನಿಯಿಲ್ಲ ಎಂದರು ಡಾಕ್ಟರು. ಅದನ್ನು ಅವನಿಗೆ ಒಪ್ಪಿಸುವುದು ನನ್ನ ಪಾಲಿಗೆ ಬಂತು.

ನನ್ನ ಕಥೆ ಇನ್ನೂ ಕೆಟ್ಟದ್ದು. ಕಾರ್ಡೇ ಇಲ್ಲ. "ಎಲ್ಲವನ್ನೂ ಹಾಕಿಸಿದ್ದೇನೆ" ಎನ್ನುವ ಅಮ್ಮನ ಮಾತನ್ನು ನಾನು ನಂಬುತ್ತೇನೆ, ಕಚೇರಿಗಳು ನಂಬುವುದಿಲ್ಲ. ದಡಾರದ ಪ್ರತಿಕಾಯ ಇದೆಯೆಂದು ರಕ್ತ ಪರೀಕ್ಷೆಯಿಂದ ತೋರಿಸಬೇಕಾಯಿತು. ತೋಳಿನ ಮೇಲಿನ ಬಿಸಿಜಿ, ಅಂದರೆ ಕ್ಷಯದ ಲಸಿಕೆಯ, ಕಲೆಯೊಂದೇ ಅಳಿಯದ ದಾಖಲೆ. ಅದೇ ಬಿಸಿಜಿಯಿಂದಾಗಿ ಕ್ಷಯದ ಚರ್ಮ ಪರೀಕ್ಷೆ ಸುಳ್ಳು ಹೇಳಬಹುದೆಂದು ಅದಕ್ಕೂ ರಕ್ತವನ್ನೇ ಕೊಟ್ಟೆ.

ಹಾಗೆಂದು ಇಲ್ಲಿಯ ಪದ್ಧತಿಯೇ ಮೇಲು ಎನ್ನಲಾರೆ. ಒಂದೊಂದು ರಾಜ್ಯದ ಲಸಿಕೆ ದಾಖಲೆಯೂ ಬೇರೆ ಬೇರೆ ಕಂಪ್ಯೂಟರಿನಲ್ಲಿದೆ. ನಾವು ರಾಜ್ಯ ಬದಲಿಸಿದಾಗ ಹೊಸ ಕ್ಲಿನಿಕ್‌ನ ಪರದೆಯ ಮೇಲೆ ಮಗನ ಹೆಸರಿನ ಮುಂದೆ ಏನೂ ಇರಲಿಲ್ಲ. ಆಗ ಕೈಹಿಡಿದದ್ದು ನಾನೇ ಮುದ್ರಿಸಿಟ್ಟುಕೊಂಡಿದ್ದ ಹಾಳೆ. ಕಾರ್ಡನ್ನು ತಾಯಿಯ ಕೈಗೇ ಕೊಡುವ ನಮ್ಮ ಕ್ರಮವೇ ನನಗೆ ಹೆಚ್ಚು ಹಿಡಿಸುತ್ತದೆ. ಬರೆಯುವವರು ಅದನ್ನು ಪರದೇಶದವನೂ ಓದುತ್ತಾನೆ ಎಂದುಕೊಂಡು ಬರೆಯಬೇಕು, ಅಷ್ಟೇ.

ಹಳದಿ ಜ್ವರದ ಲಸಿಕೆಗೆ ಕೊಡುವ ಅಂತರರಾಷ್ಟ್ರೀಯ ಹಳದಿ ಪುಸ್ತಕದಲ್ಲಿ ಈ ಬುದ್ಧಿ ಮೊದಲೇ ಇದೆ: ದಿನ, ತಿಂಗಳು, ವರ್ಷ ಎಂಬ ಕ್ರಮ, ತಿಂಗಳು ಅಕ್ಷರದಲ್ಲೇ. ಕಳೆದ ರಜೆಯಲ್ಲಿ ಮಗನ ಹಳೆಯ ಡಾಕ್ಟರರ ಬಳಿ ಹಾಗೆಯೇ ಒಂದು ಹೊಸ ಹಾಳೆ ಬರೆಸಿ, ಸಹಿ, ಮೊಹರು ಹಾಕಿಸಿಕೊಂಡು ಬಂದೆ. ಮೂಲ ಕಾರ್ಡನ್ನು ಅಮ್ಮ ತನ್ನ ಬೀರುವಿಗೆ ಸೇರಿಸಿದಳು; ನನ್ನ ಕೈಗೆ ಕೊಡಲು ಅವಳಿಗೆ ಧೈರ್ಯ ಬರಲಿಲ್ಲ.