ಪ್ಲೇಟೆಸ್ಟ್ ನಿಯಮಗಳು ಆ್ಯಪ್‌ನೊಳಗೂ ಬರಬೇಕಾ? ಪರ - ವಿರೋಧ

ನಮ್ಮದು ಆರು ಜನರ ಗುಂಪು. ನಾಲ್ವರು ಬೆಂಗಳೂರಿನಲ್ಲಿದ್ದೇವೆ, ಒಬ್ಬರು ಮೈಸೂರಿನಲ್ಲಿ, ಇನ್ನೊಬ್ಬರು ಡಬ್ಲಿನ್‌ನಲ್ಲಿ. ಶನಿವಾರ ರಾತ್ರಿ ಊಟ ಮುಗಿಸಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂಬ, ಪಾತ್ರ ವಹಿಸಿ ಕಥೆ ಕಟ್ಟುವ ಆಟ ಆಡಲು ಕೂರುತ್ತೇವೆ. ಒಬ್ಬರು ಡಿಎಂ (ಡಂಜನ್ ಮಾಸ್ಟರ್) ಆಗಿ ಕಥೆ ನಡೆಸುತ್ತಾರೆ. ಉಳಿದ ಐವರಿಗೆ ಒಂದೊಂದು ಪಾತ್ರ. ದಾಳ ಹಾಕುವುದು, ಲೆಕ್ಕ ಇಡುವುದು ಎಲ್ಲ ಪರದೆಯ ಮೇಲೆ.

ಈ ಆಟದ ಹೊಸ ನಿಯಮಗಳು ಪುಸ್ತಕವಾಗುವ ಮೊದಲು ಎಷ್ಟೋ ಸಲ ಕರಡಾಗಿ ಹೊರಬರುತ್ತವೆ. ಆ ಕರಡನ್ನು ಆಡಿ ಪರೀಕ್ಷಿಸುವುದೇ ಪ್ಲೇಟೆಸ್ಟ್. ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ 2015ರಿಂದ ‘ಅನ್‌ಅರ್ಥ್ಡ್ ಆರ್ಕೇನಾ’ ಎಂಬ ಹೆಸರಿನಲ್ಲಿ ಈ ಕರಡುಗಳನ್ನು ಉಚಿತವಾಗಿ ಕೊಡುತ್ತಿದ್ದಾರೆ. ಆಡಿ ನೋಡಿ, ಆಮೇಲೆ ಸರ್ವೆಯಲ್ಲಿ ಅಭಿಪ್ರಾಯ ತಿಳಿಸಿ ಎನ್ನುವುದು ಅವರ ಕೋರಿಕೆ. 2017ರಲ್ಲಿ ಶುರುವಾದ, ಈ ಆಟದ ಪಾತ್ರಗಳನ್ನು ಪರದೆಯ ಮೇಲೆ ಕಟ್ಟಿ ಇಟ್ಟುಕೊಳ್ಳುವ ಡಿ ಅಂಡ್ ಡಿ ಬಿಯಾಂಡ್ ತಾಣದಲ್ಲಿ ಕೆಲವು ವರ್ಷ ಈ ಕರಡುಗಳಿಂದಲೂ ಪಾತ್ರ ಕಟ್ಟಬಹುದಿತ್ತು. ಮುಂದೆ ಅದು ನಿಂತಿತು. 2022ರ ಆಗಸ್ಟ್‌ನಲ್ಲಿ ಇಡೀ ಆಟದ ಪರಿಷ್ಕರಣೆಗೆ ದೊಡ್ಡ ಪ್ಲೇಟೆಸ್ಟ್ ಆರಂಭವಾಯಿತು. ಕರಡಿನ ಪಿಡಿಎಫ್ ಸಿಕ್ಕಿದ್ದು ಅದೇ ತಾಣದಲ್ಲಿ. ಆದರೆ ಆ ನಿಯಮಗಳಿಂದ ಅಲ್ಲಿ ಪಾತ್ರ ಕಟ್ಟಲು ಆಗುತ್ತಿರಲಿಲ್ಲ.

ಆಟದ ತಾಣಗಳು ಕರಡು ನಿಯಮಗಳಿಗೂ ಜಾಗ ಕೊಡಬೇಕಾ? ನಮ್ಮ ಗುಂಪಿನಲ್ಲೇ ಎರಡು ಮಾತಿದೆ. ಎರಡೂ ಕಡೆಯಿಂದ ಒಬ್ಬೊಬ್ಬರು ತಮ್ಮ ಮಾತನ್ನು ಇಲ್ಲಿ ಬರೆದಿದ್ದೇವೆ.

ಪರ: ಆಡದೆ ಏನಂತ ಹೇಳೋದು?

ನಾನು ವಾರ್ಲಾಕ್ ಆಡುವವಳು. ಯಾವುದೋ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡು ಮಂತ್ರ ಕಲಿತ ಪಾತ್ರ ಅದು. 2023ರ ಏಪ್ರಿಲ್‌ನಲ್ಲಿ ಬಂದ ಕರಡು ನನ್ನ ಈ ಕ್ಲಾಸ್ ಅನ್ನು (ಪಾತ್ರದ ಬಗೆಯನ್ನು) ತಲೆಕೆಳಗು ಮಾಡಿತ್ತು.

ಬದಲಾವಣೆ ಏನು ಅಂತ ಹೇಳುತ್ತೇನೆ. ಹಳೆಯ ವಾರ್ಲಾಕ್‌ಗೆ 5ನೇ ಲೆವೆಲ್‌ನಲ್ಲಿ ಎರಡೇ ಸ್ಪೆಲ್ ಸ್ಲಾಟ್, ಅಂದರೆ ಮಂತ್ರ ಹಾಕುವ ಅವಕಾಶ. ಆದರೆ ಎರಡೂ ಹೆಚ್ಚು ಬಲದ, 3ನೇ ಹಂತದವು. ಒಂದು ಗಂಟೆ ಕೂತು ಸುಧಾರಿಸಿಕೊಂಡರೆ ಮತ್ತೆ ತುಂಬಿಕೊಳ್ಳುತ್ತವೆ. ಕರಡಿನ ವಾರ್ಲಾಕ್‌ಗೆ ರೇಂಜರ್ ಎಂಬ ಇನ್ನೊಂದು ಕ್ಲಾಸ್‌ಗೆ ಇರುವ ಹಾಗೆ 1ನೇ ಹಂತದ ನಾಲ್ಕು ಸ್ಲಾಟ್, 2ನೇ ಹಂತದ ಎರಡು. ರಾತ್ರಿ ಪೂರ್ತಿ ನಿದ್ದೆ ಮಾಡಿದರೆ ಮಾತ್ರ ವಾಪಸ್. ಕಾಗದದ ಮೇಲೆ ನೋಡಿದರೆ ಆರು ಎರಡಕ್ಕಿಂತ ಜಾಸ್ತಿ. ಆಡುವಾಗ ಆ ಲೆಕ್ಕ ಹಾಗೇ ಉಳಿಯುತ್ತದಾ? ಎಷ್ಟು ಸಲ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ, ಡಿಎಂ ಎಷ್ಟು ಬೇಗ ಮುಂದಿನ ರಾಕ್ಷಸನನ್ನು ಬಿಡುತ್ತಾರೆ, ನನ್ನ ಜೊತೆಗಾರರು ನಿಲ್ಲಲು ಒಪ್ಪುತ್ತಾರಾ? ಇದೆಲ್ಲ ಓದಿದರೆ ಗೊತ್ತಾಗುವುದಿಲ್ಲ. ಆಡಬೇಕು.

ಆಡಿದೆ. ನಮ್ಮ ಪಾತ್ರಗಳೆಲ್ಲ ತಾಣದಲ್ಲಿವೆ. ನನ್ನ ಹೊಸ ವಾರ್ಲಾಕ್‌ಗೆ ಮಾತ್ರ ಅಲ್ಲಿ ಜಾಗವಿಲ್ಲ. ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಪಾತ್ರದ ಹಾಳೆ ಬರೆದೆ, ಫೋಟೋ ತೆಗೆದು ಗುಂಪಿಗೆ ಕಳಿಸಿದೆ. ಉಳಿದ ನಾಲ್ವರ ಪೆಟ್ಟು, ಗಾಯ, ಸ್ಲಾಟ್ ಎಲ್ಲವೂ ಡಿಎಂಗೆ ಪರದೆ ಮೇಲೆ ಕಾಣುತ್ತಿತ್ತು. ನನ್ನದನ್ನು ಮಾತ್ರ ಪ್ರತಿ ಸರದಿಯಲ್ಲೂ ಬಾಯಲ್ಲಿ ಕೇಳಬೇಕು. ಎರಡನೇ ವಾರ ಆಟ ಎಷ್ಟು ನಿಧಾನವಾಯಿತೆಂದರೆ ಡಬ್ಲಿನ್‌ನ ಗೆಳತಿ ನನ್ನ ಸರದಿ ಬಂದಾಗಲೆಲ್ಲ ಎದ್ದು ಚಹಾ ಮಾಡಿಕೊಂಡು ಬರುತ್ತಿದ್ದಳು. ಮೂರನೇ ವಾರ ಮುಗಿದ ಮೇಲೆ ನಾನೇ ಸೋತು ಹಳೆಯ ವಾರ್ಲಾಕ್‌ಗೆ ವಾಪಸಾದೆ.

ಸರ್ವೆ ಬಂದಾಗ ತುಂಬಿದೆ. ಮೂರು ರಾತ್ರಿ ಆಡಿದ ಅನುಭವ ನನ್ನದು. ಪಿಡಿಎಫ್ ಅನ್ನು ಒಂದು ಸಲ ಓದಿ ತುಂಬಿದವರೂ ನಮ್ಮ ಗುಂಪಿನಲ್ಲೇ ಇದ್ದರು. ಅವರನ್ನು ದೂರುತ್ತಿಲ್ಲ. ಆಡಲು ದಾರಿಯೇ ಇಲ್ಲದಾಗ ಇನ್ನೇನು ಮಾಡುತ್ತಾರೆ? ಆ ವರ್ಷವೇ ಬಂದ ಮುಂದಿನ ಕರಡೊಂದರಲ್ಲಿ ಹಳೆಯ ಸ್ಲಾಟ್‌ಗಳು ವಾಪಸ್ ಬಂದವು. ನನಗೆ ಇಷ್ಟವಾದ ತೀರ್ಮಾನವೇ ಅದು. ಆದರೂ ಮನಸ್ಸಿನಲ್ಲೊಂದು ಮುಳ್ಳು ಉಳಿದಿದೆ. ಆ ಕರಡನ್ನು ನಾವು ಆಡಿ ಬೇಡ ಎಂದೆವಾ, ಅಥವಾ ನೋಡಿಯೇ ಬೇಡ ಎಂದೆವಾ?

ನಿಯಮ ರೂಪಿಸುವ ತಂಡದ ಮುಂದಾಳಾಗಿದ್ದ ಜೆರೆಮಿ ಕ್ರಾಫರ್ಡ್ ಆಗ ವಿವರಿಸಿದ್ದ ಪ್ರಕಾರ ಸರ್ವೆಯಲ್ಲಿ ಶೇ. 70ರಷ್ಟು ಮೆಚ್ಚುಗೆ ಸಿಕ್ಕರೆ ಆ ನಿಯಮ ಪಾಸಾದ ಹಾಗೆ. ಅಂದರೆ ಈ ಉತ್ತರಗಳೇ ಪುಸ್ತಕವನ್ನು ತೀರ್ಮಾನಿಸುತ್ತವೆ. ಹಾಗಿದ್ದ ಮೇಲೆ ಉತ್ತರ ಕೊಡುವವರ ಕೈಗೆ ಆಡುವ ಸಲಕರಣೆಯನ್ನೂ ಕೊಡಬೇಕು ಅಲ್ವಾ?

ನನಗೆ ಜಾಸ್ತಿ ಚಿಂತೆ ಇರುವುದು ಹೊಸಬರ ಬಗ್ಗೆ. ಮೈಸೂರಿನ ನಮ್ಮ ಹುಡುಗ ಆಟ ಕಲಿತದ್ದೇ ಆ್ಯಪ್‌ನಲ್ಲಿ. ರಕ್ಷಾಕವಚದ ಅಂಕ ಹೇಗೆ ಬರುತ್ತದೆ, ಪ್ರೊಫಿಷಿಯೆನ್ಸಿ ಬೋನಸ್ (ಪಾತ್ರ ಪಳಗಿದ ಕೆಲಸದಲ್ಲಿ ದಾಳಕ್ಕೆ ಸೇರುವ ಅಂಕ) 5ನೇ ಲೆವೆಲ್‌ಗೆ ಯಾಕೆ 3 ಆಗುತ್ತದೆ ಅನ್ನುವುದನ್ನು ಅವನು ಕೈಯಲ್ಲಿ ಯಾವತ್ತೂ ಲೆಕ್ಕ ಹಾಕಿಲ್ಲ. ಹಾಕಬೇಕಾಗಿಯೂ ಬಂದಿಲ್ಲ. ಅವನಿಗೆ ಒಂದು ಪಿಡಿಎಫ್ ಕೊಟ್ಟು ‘ಇದನ್ನು ಹಳೆಯ ಪುಸ್ತಕದ ಜೊತೆ ಹೊಂದಿಸಿಕೊಂಡು ಆಡು’ ಎಂದರೆ ಅವನು ಆಡುವುದಿಲ್ಲ. ಅವನ ಹಾಗೆ ಇರುವವರು ಈಗ ತುಂಬಾ ಜನ. ಅವರ ದನಿ ಸರ್ವೆಗೆ ಸೇರದಿದ್ದರೆ ಹಳಬರಿಗೆ ಹಿತವಾದ ಆಟವೇ ಮತ್ತೆ ಮತ್ತೆ ತಯಾರಾಗುತ್ತದೆ.

‘ಆಟಗಾರರು ತಾವೇ ಮಾಡಿದ ನಿಯಮ ಸೇರಿಸುವ ಹೋಮ್‌ಬ್ರೂ ಸೌಲಭ್ಯ ಇದೆಯಲ್ಲ, ನೀವೇ ತುಂಬಿಕೊಳ್ಳಿ’ ಎನ್ನುವವರಿದ್ದಾರೆ. ಸ್ಪೆಲ್ (ಮಂತ್ರ), ಫೀಟ್ (ವಿಶೇಷ ಕೌಶಲ), ಸಬ್‌ಕ್ಲಾಸ್ (ಕ್ಲಾಸ್‌ನ ಒಳಬಗೆ) ತುಂಬಿಕೊಳ್ಳಬಹುದು, ನಿಜ. ಇಡೀ ಕ್ಲಾಸ್ ಒಂದನ್ನು ಹೊಸದಾಗಿ ಕಟ್ಟಲು ಡಿ ಅಂಡ್ ಡಿ ಬಿಯಾಂಡ್‌ನ ಹೋಮ್‌ಬ್ರೂನಲ್ಲಿ ದಾರಿಯಿಲ್ಲ. ಎಲ್ಲಕ್ಕಿಂತ ಜಾಸ್ತಿ ಪರೀಕ್ಷೆ ಬೇಕಾಗಿರುವುದು ಹೊಸ ಕ್ಲಾಸ್‌ಗೇ. 2019ರಲ್ಲಿ ಆರ್ಟಿಫಿಸರ್ ಎಂಬ ಹೊಸ ಕ್ಲಾಸ್ ಎರಡು ಸಲ ಕರಡಾಗಿ ಬಂದು, ತಿದ್ದಿಸಿಕೊಂಡು, ಅದೇ ನವೆಂಬರ್‌ನಲ್ಲಿ ಎಬೆರಾನ್ ಪುಸ್ತಕ ಸೇರಿತು. ಅಂಥದ್ದನ್ನು ಬರೀ ಓದಿ ತೂಗಲು ಆಗುತ್ತದಾ?

ಆಗದ ಕೆಲಸವನ್ನೇನೂ ನಾನು ಕೇಳುತ್ತಿಲ್ಲ. ಡ್ಯಾರಿಂಗ್ಟನ್ ಪ್ರೆಸ್‌ನವರ ಡ್ಯಾಗರ್‌ಹಾರ್ಟ್ ಎಂಬ ಇಂಥದ್ದೇ ಆಟ ನೋಡಿ. 2024ರ ಮಾರ್ಚ್‌ನಲ್ಲಿ ಅದರ ಕರಡು ಎಲ್ಲರಿಗೂ ತೆರೆದಾಗಲೇ ಡೆಮಿಪ್ಲೇನ್ ತಾಣದಲ್ಲಿ ಪಾತ್ರ ಕಟ್ಟುವ ಸಲಕರಣೆಯೂ ಇತ್ತು. ಪುಸ್ತಕ ಬಂದದ್ದು 2025ರ ಮೇನಲ್ಲಿ. ನಾವು ಅದನ್ನು ಒಂದು ಭಾನುವಾರ ಮಧ್ಯಾಹ್ನ ಆಡಿ ನೋಡಿದೆವು. ಪಾತ್ರ ಕಟ್ಟಲು ಯಾರಿಗೂ ಕಷ್ಟವಾಗಲಿಲ್ಲ. ಉಳಿದ ಮಧ್ಯಾಹ್ನವೆಲ್ಲ ಮಾತಾಡಿದ್ದು ಆಟದ ಬಗ್ಗೆಯೇ.

ಕರಡೂ ಅಧಿಕೃತ ನಿಯಮವೂ ಬೆರೆತು ಗೊಂದಲವಾಗುತ್ತದೆ ಎಂಬ ಭಯಕ್ಕೆ ಡಿ ಅಂಡ್ ಡಿ ಬಿಯಾಂಡ್‌ನ ಹಳೆಯ ವ್ಯವಸ್ಥೆಯಲ್ಲೇ ಮದ್ದಿತ್ತು. ಕರಡು ಬೇಕೆಂದವರು ಒಂದು ಗುಂಡಿ ಒತ್ತಬೇಕಿತ್ತು, ಒತ್ತದವರಿಗೆ ಅದು ಕಾಣುತ್ತಲೇ ಇರಲಿಲ್ಲ. ಅವಧಿ ಮುಗಿದದ್ದನ್ನು ಹೊಸದಾಗಿ ಯಾರೂ ಸೇರಿಸಿಕೊಳ್ಳದಂತೆ ಪಕ್ಕಕ್ಕಿಡುತ್ತಿದ್ದರು. ಅಷ್ಟು ಸಾಕು.

ವಿರೋಧ: ಕರಡು ಕೈಯಲ್ಲೇ ಇರಲಿ

ಆ ಮೂರು ವಾರ ಡಿಎಂ ಆಗಿದ್ದವನು ನಾನೇ. ಆಕೆ ಪಟ್ಟ ಕಷ್ಟ ಕಣ್ಣಾರೆ ಕಂಡಿದ್ದೇನೆ. ಹಗಲಿನಲ್ಲಿ ನನ್ನದು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ, ಹಾಗಾಗಿ ನನ್ನ ಮಾತು ಸ್ವಲ್ಪ ಆ ಕಡೆಯಿಂದ ಬರುತ್ತದೆ.

ಮೊದಲು ಕಾಲದ ಲೆಕ್ಕ. 2022ರ ಆಗಸ್ಟ್ 18ಕ್ಕೆ ಬಂದ ಮೊದಲ ಕರಡಿನಲ್ಲಿ, ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೆ ಯಾವ ಪ್ರಯತ್ನವಾದರೂ ಗೆದ್ದಂತೆ ಎಂದಿತ್ತು. ರಾಕ್ಷಸರ ಹೊಡೆತಕ್ಕೆ ಕ್ರಿಟಿಕಲ್ (20 ಬಿದ್ದಾಗಿನ ಹೆಚ್ಚಿನ ಪೆಟ್ಟು) ಇಲ್ಲ, ಮಂತ್ರಕ್ಕೂ ಇಲ್ಲ ಎಂದಿತ್ತು. ಸೆಪ್ಟೆಂಬರ್ 29ಕ್ಕೆ ಎರಡನೆಯ ಕರಡು ಬಂತು. ಕ್ರಿಟಿಕಲ್ ಮತ್ತೆ ಹಳೆಯ ನಿಯಮಕ್ಕೇ ಮರಳಿತ್ತು. ನಡುವೆ ಇದ್ದದ್ದು ಆರು ವಾರ. ಒಂದು ನಿಯಮವನ್ನು ಸಾಫ್ಟ್‌ವೇರ್‌ಗೆ ಸೇರಿಸುವುದೆಂದರೆ ಬರೀ ಒಂದು ಸಾಲು ಟೈಪ್ ಮಾಡುವುದಲ್ಲ. ಹಳೆಯ ಪಾತ್ರಗಳ ಮೇಲೆ, ದಾಳದ ಮೇಲೆ, ಡಿಎಂ ಪರದೆ ಮೇಲೆ, ಫೋನಿನ ಆ್ಯಪ್ ಮೇಲೆ ಅದು ಏನು ಮಾಡುತ್ತದೆ ಎಂದು ನೋಡಬೇಕು. ಅದೆಲ್ಲ ಮುಗಿಯುವಷ್ಟರಲ್ಲಿ ನಿಯಮವೇ ಹೋಗಿರುತ್ತದೆ. ಆ ಆರು ವಾರ ಅದೇ ತಂಡ ಹಣ ಕೊಟ್ಟು ಕೊಂಡ ಪುಸ್ತಕದಲ್ಲಿ ಸರಿಯಾಗಿ ಓಡದ ಒಂದು ಸ್ಪೆಲ್ ಅನ್ನು ಸರಿ ಮಾಡಬಹುದಿತ್ತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಇನ್ನೊಂದು ಉದಾಹರಣೆ ನನ್ನ ಮನಸ್ಸಿನಲ್ಲಿ ತುಂಬಾ ದಿನದಿಂದ ಕೂತಿದೆ. 2021ರ ಜೂನ್‌ನಲ್ಲಿ ಸ್ಟ್ರಿಕ್ಸ್‌ಹೇವನ್ ಪುಸ್ತಕಕ್ಕಾಗಿ ಒಂದು ಕರಡು ಬಂತು. ಒಂದೇ ಸಬ್‌ಕ್ಲಾಸ್ ಅನ್ನು ಬೇರೆ ಬೇರೆ ಕ್ಲಾಸ್‌ನವರು ತೆಗೆದುಕೊಳ್ಳಬಹುದು ಎನ್ನುವ ಯೋಚನೆ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಆಗಿನ ನಿಯಮದಲ್ಲಿ ವಾರ್ಲಾಕ್ ತನ್ನ ಸಬ್‌ಕ್ಲಾಸ್ ಆರಿಸಿಕೊಳ್ಳುವುದು 1ನೇ ಲೆವೆಲ್‌ನಲ್ಲಿ, ವಿಝರ್ಡ್ 2ರಲ್ಲಿ, ಬಾರ್ಡ್ 3ರಲ್ಲಿ. ಮುಂದಿನ ಶಕ್ತಿಗಳು ಸಿಗುವ ಲೆವೆಲ್‌ಗಳೂ ಬೇರೆ. ಪ್ರತಿ ಸಬ್‌ಕ್ಲಾಸ್ ಒಂದೇ ಕ್ಲಾಸ್‌ಗೆ ಸೇರಿದ್ದು ಎಂದು ನಂಬಿ ಕಟ್ಟಿದ ತಂತ್ರಾಂಶಕ್ಕೆ ಇದನ್ನು ಸೇರಿಸುವುದೆಂದರೆ ತಳಪಾಯ ಅಗೆದಂತೆ. ಡಿಸೆಂಬರ್‌ನಲ್ಲಿ ಪುಸ್ತಕ ಬಂತು. ಆ ಸಬ್‌ಕ್ಲಾಸ್‌ಗಳು ಅದರಲ್ಲಿ ಇರಲಿಲ್ಲ. ಯಾರಾದರೂ ತಳಪಾಯ ಅಗೆದಿದ್ದರೆ? ಇನ್ನೂ ದೊಡ್ಡ ಭಯ ಬೇರೆಯೇ ಇದೆ. ಕರಡು ಬಂದ ದಿನವೇ ತಾಣದಲ್ಲೂ ಬರಬೇಕೆಂಬ ಕಟ್ಟುಪಾಡು ಬಂದರೆ, ನಿಯಮ ಬರೆಯುವವರು ‘ಇದು ತಾಣಕ್ಕೆ ಹೊಂದುತ್ತದಾ’ ಎಂದು ಮೊದಲೇ ಯೋಚಿಸತೊಡಗುತ್ತಾರೆ. ಹುಚ್ಚು ಯೋಚನೆಗಳು ಕಾಗದಕ್ಕೂ ಬರುವುದಿಲ್ಲ. ಸ್ಟ್ರಿಕ್ಸ್‌ಹೇವನ್ ಕರಡು ಸೋತಿತು, ಆದರೆ ಅದನ್ನು ಬರೆಯುವ ಧೈರ್ಯ ಮಾಡಿದ್ದು ನನಗೆ ಇವತ್ತಿಗೂ ಇಷ್ಟ.

ಆಕೆಯ ಮುಖ್ಯ ಮಾತು: ಆ್ಯಪ್ ಇದ್ದರೆ ತಾನೇ ಜನ ಆಡುತ್ತಾರೆ. ಆಡುತ್ತಾರೆ, ಒಪ್ಪುತ್ತೇನೆ. ಏನನ್ನು ಆಡುತ್ತಾರೆ ಅನ್ನುವುದು ನನ್ನ ಪ್ರಶ್ನೆ. ಆ್ಯಪ್ ಎಲ್ಲ ಲೆಕ್ಕವನ್ನೂ ತಾನೇ ಮಾಡಿಬಿಡುತ್ತದೆ. ನಿಯಮ ಎಲ್ಲಿ ತೊಡಕಾಗಿದೆ, ಯಾವ ವಾಕ್ಯಕ್ಕೆ ಎರಡು ಅರ್ಥ ಬರುತ್ತದೆ ಅನ್ನುವುದು ಆಟಗಾರರಿಗೆ ತಟ್ಟುವುದೇ ಇಲ್ಲ. ಆ ವಾಕ್ಯದ ಅರ್ಥವನ್ನು ಯಾವುದೋ ಪ್ರೋಗ್ರಾಮರ್ ಮೊದಲೇ ತೀರ್ಮಾನಿಸಿ ಆಗಿರುತ್ತದೆ. ಅವರು ತಪ್ಪು ತಿಳಿದಿದ್ದರೆ ಸಾವಿರಾರು ಜನ ತಪ್ಪು ನಿಯಮವನ್ನು ಆಡಿ ಸರ್ವೆ ತುಂಬುತ್ತಾರೆ. ನಮ್ಮ ಮೂರು ವಾರದ ಆಟ ನಿಧಾನವಾಗಿದ್ದು ನಿಜ. ಆದರೆ ಆ ನಿಧಾನದಲ್ಲೇ ಕರಡಿನ ಒಂದು ವಾಕ್ಯವನ್ನು ಅವಳು ಒಂದು ರೀತಿ, ನಾನು ಇನ್ನೊಂದು ರೀತಿ ಓದಿಕೊಂಡಿದ್ದು ಗೊತ್ತಾಯಿತು. ಅದನ್ನೇ ಸರ್ವೆಯಲ್ಲಿ ಬರೆದೆ. ಆ್ಯಪ್ ಇದ್ದಿದ್ದರೆ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಚಿಕ್ಕವನಿದ್ದಾಗ ಅಜ್ಜಿ ಮನೆಯಲ್ಲಿ ಚೌಕಾಬಾರ ಆಡುತ್ತಿದ್ದೆವು. ನಮ್ಮ ಮನೆಗೊಂದು ನಿಯಮ, ಪಕ್ಕದ ಮನೆಗೊಂದು. ಕವಡೆ ಹಾಕುವ ಮೊದಲು ಯಾವುದು ನಡೆಯುತ್ತದೆ, ಯಾವುದಿಲ್ಲ ಅಂತ ಮಾತಾಡಿಕೊಂಡರೆ ಮುಗಿಯಿತು. ಆ ಮಾತುಕತೆಯೇ ಪರೀಕ್ಷೆ. ಅದು ಕಾಗದದ ಸುತ್ತ ಕೂತಾಗ ತಾನಾಗೇ ಆಗುತ್ತದೆ.

ಕೊನೆಗೆ, ಕರಡು ಸತ್ತ ಮೇಲೆ ಏನಾಗುತ್ತದೆ ಅನ್ನುವುದು. ಆಟಗಾರರು ಪಾತ್ರವನ್ನು ಪ್ರೀತಿಸುತ್ತಾರೆ. ಎರಡು ವರ್ಷ ಅದರ ಜೊತೆ ಇರುತ್ತಾರೆ. ಹಿಂದೆ ನಾನು ನಡೆಸುತ್ತಿದ್ದ ಇನ್ನೊಂದು ಗುಂಪಿನಲ್ಲಿ ಒಬ್ಬ ಗೆಳೆಯ, ಹೆಸರು ಬೇಡದ ಒಂದು ತಾಣದಲ್ಲಿ, ಕರಡಿನ ರೇಂಜರ್ ಕಟ್ಟಿಕೊಂಡಿದ್ದ. ಒಂದು ದಿನ ಹಾಳೆ ತೆರೆದರೆ ಅರ್ಧ ಶಕ್ತಿಗಳು ಖಾಲಿ. ಕಥೆಯ ನಡುವೆ, ಕೋಟೆಯ ಬಾಗಿಲಲ್ಲಿ ನಿಂತಿದ್ದೆವು. ಆ ರಾತ್ರಿ ಆಟ ನಡೆಯಲಿಲ್ಲ. ಅವನು ಸುಮ್ನೆ ಕೂತಿದ್ದ, ಮುಖ ನೋಡಲಾಗಲಿಲ್ಲ. ಕೋಪ ಮಾಡಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅಧಿಕೃತ ನಿಯಮದಲ್ಲೇ ಇಂಥ ಪೆಟ್ಟು ಬೀಳುವುದನ್ನು ನೋಡಿದ್ದೇವೆ. 2024ರ ಆಗಸ್ಟ್‌ನಲ್ಲಿ, ಪರಿಷ್ಕೃತ ನಿಯಮಗಳ ಹೊಸ ಪುಸ್ತಕ ಬರುವ ಮೊದಲು, ಡಿ ಅಂಡ್ ಡಿ ಬಿಯಾಂಡ್ ಹಳೆಯ ಸ್ಪೆಲ್‌ಗಳ, ಮಾಯಾವಸ್ತುಗಳ ಜಾಗಕ್ಕೆ ಹೊಸ ಆವೃತ್ತಿಯನ್ನು ತರುವುದಾಗಿ ಹೇಳಿತು. ಆಟಗಾರರು ಎದ್ದು ನಿಂತರು. ಕೆಲವೇ ದಿನಗಳಲ್ಲಿ ತೀರ್ಮಾನ ವಾಪಸ್ ಪಡೆಯಬೇಕಾಯಿತು. ಹಾಳೆಯ ಮೇಲಿನ ಅಕ್ಷರ ತಮ್ಮ ಕೈಮೀರಿ ಬದಲಾಗುತ್ತದೆ ಅನ್ನುವ ಭಯ ಎಷ್ಟು ಆಳದ್ದು ಅಂತ ಅವತ್ತು ಕಂಡಿತು. ಕರಡೆಂದರೆ ಬದಲಾಗಲೆಂದೇ ಹುಟ್ಟಿದ್ದು. ಅದನ್ನು ಅಂಥ ಹಾಳೆಗೆ ಅಂಟಿಸಬಾರದು.

ಗುಂಡಿ, ಪಟ್ಟಿ, ಪಕ್ಕಕ್ಕಿಡುವ ವ್ಯವಸ್ಥೆ ಎಲ್ಲ ಇದ್ದರೂ ಕೆಲಸ ಬೀಳುವುದು ಡಿಎಂ ಮೇಲೆ. ಯಾರು ಗುಂಡಿ ಒತ್ತಿದ್ದಾರೆ ಅನ್ನುವುದು ನನಗೆ ಎಷ್ಟೋ ಸಲ ಗೊತ್ತಾಗಿರುವುದು ಕಾಳಗದ ಮಧ್ಯೆ.

ಒಂದು ವಿಷಯದಲ್ಲಿ ಆಕೆ ನನ್ನನ್ನು ಸೋಲಿಸಿದ್ದಾಳೆ. ಹೋಮ್‌ಬ್ರೂನಲ್ಲಿ ಇಡೀ ಕ್ಲಾಸ್ ಕಟ್ಟಲು ಬಿಡಬೇಕು. ತಾಣ ಕರಡನ್ನು ಸೇರಿಸುವುದು ಬೇಡ, ಸೇರಿಸಿಕೊಳ್ಳಲು ನಮಗೆ ಸಲಕರಣೆ ಕೊಡಲಿ. ಆಗ ಅದು ನಮ್ಮದೇ ಪ್ರತಿ. ಪ್ರಕಾಶಕರು ಕೈಬಿಟ್ಟರೂ ನಮ್ಮ ಹಾಳೆಯಲ್ಲಿ ಇರುತ್ತದೆ. ವಾಕ್ಯದ ಅರ್ಥವನ್ನು ತುಂಬುವಾಗ ನಾವೇ ಯೋಚಿಸಬೇಕಾಗುತ್ತದೆ. ಮೈಸೂರಿನ ಹುಡುಗನಿಗೆ ಇದೂ ಕಷ್ಟವೇ. ಹಾಗಾಗಿ ಮುಂದಿನ ಕರಡು ಬಂದಾಗ ಅವನ ಜೊತೆ ಕೂತು ಮೊದಲ ಹಾಳೆಯನ್ನು ಪೆನ್ಸಿಲ್‌ನಲ್ಲಿ ನಾನೇ ಬರೆಸುತ್ತೇನೆ ಎಂದು ಹೇಳಿದ್ದೇನೆ. ಪ್ರೊಫಿಷಿಯೆನ್ಸಿ ಬೋನಸ್‌ನಿಂದ ಶುರು.