ಸತ್ಯಾಂಶ: ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ಯಾರೂ ಕೆತ್ತಿಲ್ಲ

ಮಲ್ಪೆ ಹತ್ತಿರದ ಈ ದ್ವೀಪದ ಫೋಟೋ ಹಾಕಿ, ಇಷ್ಟು ನೇರವಾದ ಆರು ಮೂಲೆಯ ಕಂಬಗಳು ತಾವಾಗೇ ಆಗಲ್ಲ, ಇದು ಮುಳುಗಿದ ಅರಮನೆಯ ಅವಶೇಷ ಎಂದು ಫಾರ್ವರ್ಡ್ ಮಾಡುತ್ತಾರೆ. ಅದು ಸುಳ್ಳು.

ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಇಲ್ಲಿ ಲಾವಾ ಉಕ್ಕಿತು. ಅದು ತಣ್ಣಗಾಗುತ್ತಾ ಕುಗ್ಗಿ, ಬೇಸಿಗೆಯಲ್ಲಿ ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟಿತು. ಲಾವಾ ಒಳಗೊಳಗೆ ತಣಿದಂತೆಲ್ಲ ಬಿರುಕೂ ಆಳಕ್ಕಿಳಿಯಿತು. ಬಿರುಕುಗಳ ನಡುವೆ ಉಳಿದದ್ದೇ ಕಂಬ. ಮೂರು ಬಿರುಕುಗಳು 120 ಡಿಗ್ರಿಯಲ್ಲಿ ಕೂಡಿದರೆ ಕಲ್ಲಿನೊಳಗಿನ ಎಳೆತ ಚೆನ್ನಾಗಿ ಸಡಿಲವಾಗುತ್ತದೆ. ಪ್ರತಿ ಮೂಲೆಯೂ 120 ಡಿಗ್ರಿ ಇರುವ ಆಕಾರಕ್ಕೆ ಆರೇ ಮೂಲೆ; ಆರು ಮೂಲೆ ಬರುವುದು ಅದಕ್ಕೇ.

ಅಂದಹಾಗೆ, ಎಲ್ಲವೂ ಆರು ಮೂಲೆಯವಲ್ಲ. ಅಲ್ಲಿ ನಿಂತು ಎಣಿಸಿ ನೋಡಿ: ಐದು ಮೂಲೆಯವೂ ಸಿಗುತ್ತವೆ, ಏಳರವೂ ಸಿಗುತ್ತವೆ. ಇನ್ನೊಂದು, ಅಕ್ಕಪಕ್ಕದ ಕಂಬಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಕೆತ್ತಿದ್ದರೆ ನಡುವೆ ಕಲ್ಲು ತೆಗೆದ ಜಾಗ ಇರಬೇಕಿತ್ತು, ಅಲ್ವಾ?

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲೂ ಇಂಥವೇ ಸುಮಾರು 40,000 ಕಂಬಗಳಿವೆ. ಅದನ್ನು ದೈತ್ಯನೊಬ್ಬ ಕಟ್ಟಿದ ಅಂತ ಅಲ್ಲಿಯವರ ಹಳೇ ಕಥೆ. ಕಥೆಯಾಗಿ ಚೆನ್ನಾಗಿಯೇ ಇದೆ.