ಸಿಸ್ಟರ್ ಕ್ವೇಲ್ ಪರವಾಗಿ ಎರಡು ಮಾತು

'ದ ಕ್ರಿಮ್ಸನ್ ಫೀಲ್ಡ್' ನೋಡಿದ ನನ್ನ ಗೆಳತಿಯರೆಲ್ಲ ಕಿಟ್ಟಿ ಪಾರ್ಟಿ. ನಾನೊಬ್ಬಳೇ ಸಿಸ್ಟರ್ ಕ್ವೇಲ್ ಪಾರ್ಟಿ. "ನೀನೂ ನರ್ಸಲ್ವಾ, ಅದಕ್ಕೇ" ಅಂತ ನಗುತ್ತಾರೆ. ಹೌದು, ಅದಕ್ಕೇ.

ನೋಡದವರಿಗೆ ಚುಟುಕಾಗಿ: 2014ರಲ್ಲಿ, ಮೊದಲ ಮಹಾಯುದ್ಧ ಶುರುವಾಗಿ ನೂರು ವರ್ಷವಾದಾಗ, ಬಿಬಿಸಿ ತೋರಿಸಿದ ಆರೇ ಕಂತಿನ ಧಾರಾವಾಹಿ ಇದು. ಬರೆದವರು ಸಾರಾ ಫೆಲ್ಪ್ಸ್. ಕಾಲ 1915, ಜಾಗ ಉತ್ತರ ಫ್ರಾನ್ಸಿನ ಕರಾವಳಿಯಲ್ಲಿರುವ ಡೇರೆಗಳ ಸೇನಾ ಆಸ್ಪತ್ರೆ. ಕಿಟ್ಟಿ, ರೋಸಲಿ, ಫ್ಲೋರಾ ಎಂಬ ಮೂವರು ಸ್ವಯಂಸೇವಕಿಯರು ಅಲ್ಲಿಗೆ ಬಂದಿಳಿಯುತ್ತಾರೆ. ಕಿಟ್ಟಿ ಆಗಿರುವುದು ಊನಾ ಚಾಪ್ಲಿನ್, ಚಾರ್ಲಿ ಚಾಪ್ಲಿನ್ ಮೊಮ್ಮಗಳು. ('ಗೇಮ್ ಆಫ್ ಥ್ರೋನ್ಸ್'ನಲ್ಲೂ ಈಕೆ ಗಾಯಾಳು ಸೈನಿಕರ ಆರೈಕೆ ಮಾಡುತ್ತಲೇ ಪರಿಚಯವಾಗಿದ್ದು. ಈಕೆಯ ಹಣೆಯಲ್ಲಿ ಬ್ಯಾಂಡೇಜೇ ಬರೆದಿದೆ ಅಂತ ಕಾಣುತ್ತೆ.)

ಮೊದಲ ಕಂತು ಚೆನ್ನಾಗಿದೆ. ಬಾಂಬು, ಶೆಲ್ಲುಗಳ ನಡುವೆ ಇದ್ದು ಮನಸ್ಸು ಕದಡಿದ ಸೈನಿಕನನ್ನು ಮತ್ತೆ ಕಂದಕಕ್ಕೆ ಅಟ್ಟಬೇಕೋ ಊರಿಗೆ ಕಳಿಸಬೇಕೋ ಎಂಬ ಜಗ್ಗಾಟದಲ್ಲಿ ನಿಜವಾದ ಆಸ್ಪತ್ರೆಯೇ ಕಂಡಿತು. ಆಮೇಲೆ ಗುಟ್ಟುಗಳ ಮೆರವಣಿಗೆ. ಕಿಟ್ಟಿಗೆ ಮುರಿದ ಸಂಸಾರ, ದೂರವಾದ ಮಗಳು. ಫ್ಲೋರಾ ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳಿ ಬಂದವಳು. ಹೊರದೇಶಕ್ಕೆ ಹೋಗಲು ಸ್ವಯಂಸೇವಕಿಗೆ 23 ತುಂಬಿರಬೇಕಿತ್ತು. ತರಬೇತಾದ ಸಿಸ್ಟರ್ ಜೋನ್‌ಗೆ ಜರ್ಮನ್ ಪ್ರೇಮಿ. ಮನಸ್ಸು ಒಡೆದವಳು ಮಾತ್ರ ಯುದ್ಧಕ್ಕೆ ಹೋಗಬೇಕು ಎಂದು ಕಾನೂನೇನಾದರೂ ಇತ್ತೇ? ಕೆಲಸ ಬೇಕು, ಮನೆಯಿಂದ ಹೊರಗೆ ಕಾಲಿಡಬೇಕು ಅನ್ನುವುದು ಸಾಲದೇ? ಮುಂದೆ ಲೇಖಕಿಯಾದ ವೆರಾ ಬ್ರಿಟನ್ ಆಕ್ಸ್‌ಫರ್ಡ್ ಓದು ಅರ್ಧಕ್ಕೆ ಬಿಟ್ಟು ಈ ಕೆಲಸಕ್ಕೆ ಸೇರಿ, ಲಂಡನ್, ಮಾಲ್ಟಾ ದಾಟಿ ಫ್ರಾನ್ಸಿನ ಎಟಾಪ್ಲ್‌ನಲ್ಲಿ ಜರ್ಮನ್ ಕೈದಿಗಳ ವಾರ್ಡಿನಲ್ಲಿ ದುಡಿದವರು. ಆ ವಾರ್ಡಿನ ಒಂದೇ ರಾತ್ರಿಯಲ್ಲಿ ಮೂರು ಕಂತಿಗಾಗುವಷ್ಟು ಕಥೆ ಇದ್ದೀತು.

ಈಗ ಕ್ವೇಲ್ ವಿಷಯ. ಸೀನಿಯರ್. ನರ್ಸುಗಳಿಗೆಲ್ಲ ಮುಖ್ಯಸ್ಥೆಯಾದ ಮೇಟ್ರನ್ ಹುದ್ದೆ ತನಗೇ ಎಂದುಕೊಂಡಿದ್ದವಳು. ಅದು ಗ್ರೇಸ್ ಕಾರ್ಟರ್ ಪಾಲಾಗುತ್ತದೆ. ಕ್ವೇಲ್ ಪಾತ್ರದಲ್ಲಿ ಕೆರಿ ಫಾಕ್ಸ್ ಎಷ್ಟು ಚೆನ್ನಾಗಿ ಅಭಿನಯಿಸಿದ್ದಾರೆಂದರೆ ಆಕೆ ಡೇರೆಯೊಳಗೆ ಬಂದರೆ ನಮಗೇ ಬೆನ್ನು ನೆಟ್ಟಗಾಗುತ್ತದೆ. ಆದರೆ ಬರವಣಿಗೆ ಆಕೆಯನ್ನು ಹೊಟ್ಟೆಕಿಚ್ಚಿನ ಅತ್ತೆ ಮಾಡಿಬಿಟ್ಟಿದೆ. ಚೆಂದದ ಮನೆಹುಡುಗಿಯರಿಗೆ ಮಿಡಿಯುವ ಹೃದಯ, ಕಲಿತು ಬಂದವಳಿಗೆ ಬರೀ ಸಿಡುಕು.

ಆ ಸಿಡುಕಿಗೆ ಒಂದು ಇತಿಹಾಸವಿದೆ, ಸ್ವಾಮಿ. ತರಬೇತಾದ ನರ್ಸ್ ಅಂದರೆ ಆ ಕಾಲಕ್ಕೇ ದೊಡ್ಡ ಆಸ್ಪತ್ರೆಯೊಂದರಲ್ಲಿ ಸಾಮಾನ್ಯವಾಗಿ ಮೂರು ವರ್ಷ ದುಡಿದು ಕಲಿತವಳು. ಸ್ವಯಂಸೇವಕಿಯ ಬಳಿ ಇದ್ದಿದ್ದು ಪ್ರಥಮ ಚಿಕಿತ್ಸೆ, ಮನೆ ಶುಶ್ರೂಷೆಯ ಸಣ್ಣ ಸರ್ಟಿಫಿಕೇಟು. ನರ್ಸ್‌ಗಳಿಗೆ ಸರ್ಕಾರಿ ನೋಂದಣಿ ಬೇಕು ಎಂದು ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ 1887ರಿಂದ ಬಡಿದಾಡುತ್ತಿದ್ದರು. ಸಾಕ್ಷಾತ್ ಫ್ಲಾರೆನ್ಸ್ ನೈಟಿಂಗೇಲ್ ಅದಕ್ಕೆ ವಿರೋಧವಾಗಿದ್ದರು! ಕಾಯ್ದೆ ಬಂದಿದ್ದು 1919ರಲ್ಲಿ, ಯುದ್ಧ ಮುಗಿದ ಮೇಲೆ. ಅಂದರೆ ಕ್ವೇಲ್ ಆ ಡೇರೆಯಲ್ಲಿ ನಿಂತಿದ್ದಾಗ, ನರ್ಸ್ ಯಾರು, ಯಾರಲ್ಲ ಎಂದು ಹೇಳುವ ಕಾನೂನೇ ಬ್ರಿಟನ್ನಿನಲ್ಲಿರಲಿಲ್ಲ. ಇಷ್ಟು ವರ್ಷ ಕಾದು ಕುಳಿತವಳ ಮುಂದೆ ಬಿಳಿ ಏಪ್ರನ್ನಿನ ಮೇಲೆ ಕೆಂಪು ಶಿಲುಬೆ ಹಾಕಿಕೊಂಡು ಹುಡುಗಿಯೊಬ್ಬಳು ಬಂದು ನಿಂತರೆ ಆರತಿ ಎತ್ತುತ್ತಾಳೆಯೇ?

ಹುಡುಗಿಯರ ತಪ್ಪೂ ಅಲ್ಲ ಬಿಡಿ. ಸೇನಾ ಆಸ್ಪತ್ರೆಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ವರ್ಷಕ್ಕೆ 20 ಪೌಂಡು. ಅಷ್ಟಕ್ಕೆ ಬರುವವರು ಮನೆಯಲ್ಲಿ ಅನುಕೂಲವಿದ್ದವರೇ. ಸರ್ಕಾರಕ್ಕೆ ಅಗ್ಗದ ಕೈಗಳು ಬೇಕಿದ್ದವು, ಸಿಕ್ಕವು. ಅದಕ್ಕೆ ತ್ಯಾಗ ಅಂತ ಹೆಸರಿಟ್ಟರಾಯಿತು. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 22ರ ಸಂಜೆ, ಊರೆಲ್ಲ ತಟ್ಟೆ ಬಡಿದು ಹೊಗಳಿದ ನಮಗೆ ಇದೇನು ಹೊಸದಲ್ಲ. ಆಮೇಲೆ ಆ ಸ್ವಯಂಸೇವಕಿಯರಲ್ಲಿ ಓದು, ಬಿಡುವು ಇದ್ದವರು ನೆನಪುಗಳನ್ನು ಚೆಂದವಾಗಿ ಬರೆದರು. ಕ್ವೇಲ್‌ನಂಥವರು ಇನ್ನೊಂದು ವಾರ್ಡಿಗೆ ಡ್ಯೂಟಿಗೆ ಹೋದರು. ಧಾರಾವಾಹಿಯೂ ಹಾಗೆ ನೆನಪು ಬರೆದವರ ಕಣ್ಣಿನಿಂದಲೇ ಕಥೆ ಹೇಳುತ್ತದೆ.

ನನಗೆ ನೋಡಬೇಕಿದ್ದದ್ದು ಕೆಲಸ. ಗೊಬ್ಬರ ತುಂಬಿದ ಹೊಲದ ಕೆಸರು ಗಾಯದೊಳಗೆ ಹೋಗಿ, ಮಾಂಸ ಊದಿ ಕೊಳೆಯುವ ಗ್ಯಾಸ್ ಗ್ಯಾಂಗ್ರೀನ್. ಪೆನಿಸಿಲಿನ್ ಇಲ್ಲ. ಅದನ್ನು 1928ರಲ್ಲಿ ಕಂಡುಹಿಡಿಯಲಿದ್ದ ಅಲೆಕ್ಸಾಂಡರ್ ಫ್ಲೆಮಿಂಗ್ ಆಗ ಅದೇ ಕರಾವಳಿಯ ಬುಲೋನ್‌ನಲ್ಲಿ ಕೂತು, ಆಳವಾದ ಗಾಯಕ್ಕೆ ಸುರಿಯುವ ಕ್ರಿಮಿನಾಶಕಗಳು ರೋಗಾಣುವಿಗಿಂತ ರೋಗಿಯ ಬಿಳಿರಕ್ತಕಣಗಳನ್ನೇ ಹೆಚ್ಚು ಕೊಲ್ಲುತ್ತಿವೆ ಎಂದು ತೋರಿಸುತ್ತಿದ್ದರು. ಸರ್ಜನ್ ಕ್ಯಾರೆಲ್ ಮತ್ತು ರಸಾಯನಶಾಸ್ತ್ರಜ್ಞ ಡೇಕಿನ್ ರೂಪಿಸಿದ ವಿಧಾನದಲ್ಲಿ ಗಾಯದೊಳಗೆ ರಬ್ಬರ್ ಕೊಳವೆ ಇಟ್ಟು, ಸುಮಾರು ಎರಡು ಗಂಟೆಗೊಮ್ಮೆ ಗಾಯ ತೊಳೆಯುವ ದ್ರಾವಣ ಹರಿಸಬೇಕು. ಹಗಲು, ರಾತ್ರಿ. ಆ ಎರಡು ಗಂಟೆಗೊಮ್ಮೆ ಏಳುವವಳು ಯಾರು? ಡ್ರೆಸ್ಸಿಂಗ್ ಬಿಚ್ಚುವಾಗ ಮೂಗಿಗೆ ಬರುವ ವಾಸನೆಯಿಂದಲೇ "ಡಾಕ್ಟರನ್ನು ಕರೀರಿ" ಅನ್ನುವವಳು ಯಾರು? ಸಿಡುಕಿ ಕ್ವೇಲ್. ಆ ಮೂಗು ಮೂರು ವಾರದ ಕ್ಲಾಸಿನಲ್ಲಿ ಬರುವುದಿಲ್ಲ.

ಬಿಬಿಸಿ ಎರಡನೇ ಸೀಸನ್ ಕೊಡಲಿಲ್ಲ. ಕೊಡಬೇಕಿತ್ತು ಎಂದು ಇಷ್ಟೆಲ್ಲ ಬೈದ ಮೇಲೂ ಹೇಳುತ್ತೇನೆ. ನಮ್ಮಲ್ಲಿ ಸಾವಿರ ಕಂತು ಎಳೆದರೂ ಯಾರೂ ಕೇಳಲ್ಲ; ಪಾತ್ರಗಳು ಈಗಷ್ಟೇ ಮೈಬಿಡುತ್ತಿರುವಾಗ ಅಲ್ಲಿ ಡೇರೆ ಕಿತ್ತರು.

ಇನ್ನೊಂದು ಕಥೆ ಹಾಗೇ ಬಿದ್ದಿದೆ. ಅದೇ 1915ರಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡ ನಮ್ಮ ದೇಶದ ಸಿಪಾಯಿಗಳನ್ನು ಬ್ರೈಟನ್ನಿನ ಅರಮನೆಗೆ, ರಾಯಲ್ ಪೆವಿಲಿಯನ್‌ಗೆ ತಂದು ಮಲಗಿಸಿದರು. ಜಾತಿ, ಧರ್ಮ ನೋಡಿ ಒಂಬತ್ತು ಅಡುಗೆಮನೆ. ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿ. ಆದರೆ ಬಿಳಿಯ ನರ್ಸ್ ಕಂದುಬಣ್ಣದ ಸೈನಿಕನ ಮೈಮುಟ್ಟಿ ಆರೈಕೆ ಮಾಡುವುದು ಅಧಿಕಾರಿಗಳಿಗೆ ಸರಿಬರಲಿಲ್ಲ; ಅಲ್ಲಿನ ನರ್ಸ್‌ಗಳಿಗೆ ಮೇಲ್ವಿಚಾರಣೆ ಮಾತ್ರ. ಮುಟ್ಟದೆ ನರ್ಸಿಂಗ್ ಮಾಡು ಅಂದರೆ ಹೇಗೆ ಮಾಡುವುದು? ಗಾಯ ಕಣ್ಣೆದುರಿಗಿದೆ, ಕೈಗೆ ಕಲೆ ಗೊತ್ತಿದೆ, ದೂರ ನಿಂತು ಆರ್ಡರ್ಲಿಗೆ ಹೇಳಿಕೊಡಬೇಕು.

ಇದನ್ನು ಯಾರಾದರೂ ಧಾರಾವಾಹಿ ಮಾಡಿ. ನೈಟ್ ಡ್ಯೂಟಿ ಬದಲಾಯಿಸಿಕೊಂಡಾದರೂ ನೋಡುತ್ತೇನೆ. ಪ್ರೇಮಕಥೆ ಬೇಕೇಬೇಕು ಅಂದರೆ ಒಂದು ಇರಲಿ, ಒಂದೇ.